ಬೂಟಿನ ಮರ್ಯಾದೆ

ಚಾರಣಕ್ಕೆಂದೇ ನಾನು ಕೊಂಡ ಮೊದಲ ಬೂಟಿಗೆ ಆರು ಸಾವಿರದ ಐನೂರು ರೂಪಾಯಿ ತೆತ್ತಿದ್ದೆ. ಅಷ್ಟು ದುಡ್ಡನ್ನು ಕಾಲಿಗೆ ಹಾಕಿಕೊಂಡವರು ನಮ್ಮ ವಂಶದಲ್ಲೇ ಯಾರೂ ಇರಲಿಲ್ಲ. ಅಂಗಡಿಯ ಹುಡುಗ ಅದನ್ನು ನೀರಿನ ಟಬ್ಬಿನಲ್ಲಿ ಅದ್ದಿ ತೋರಿಸಿ, "ಒಂದು ಹನಿ ಒಳಗೆ ಬರಲ್ಲ ಸಾರ್, ನೀರು, ಕೆಸರು ಏನಿದ್ರೂ ನುಗ್ಗಿ" ಎಂದು ಧೈರ್ಯ ತುಂಬಿದ್ದ. ಮರುವಾರವೇ ಕೊಡಚಾದ್ರಿಯ ಬುಡದಲ್ಲಿ ಮೊದಲ ಕೆಸರು ಎದುರಾಯಿತು. ನಾನು ನುಗ್ಗಲಿಲ್ಲ. ಪಂಚೆಯ ಚುಂಗು ಎತ್ತಿ ಹಿಡಿದ ಮದುಮಗನ ಹಾಗೆ ತುದಿಗಾಲಲ್ಲಿ ನಿಂತು ಅತ್ತಿತ್ತ ನೋಡಿದೆ. ಹಾದಿ ಬಿಟ್ಟು ಬದಿಯ ಹುಲ್ಲಿನ ಮೇಲೆ ಹೆಜ್ಜೆಯಿಡುತ್ತ ಸುತ್ತು ಹೊಡೆದು ದಾಟಿದೆ. ಕೆಸರಿಗಾಗಿಯೇ ಹುಟ್ಟಿದ ಬೂಟನ್ನು ಕೆಸರಿನಿಂದ ಕಾಪಾಡಿದ ಹೆಮ್ಮೆಗೆ ಅದರದೊಂದು ಫೋಟೊ ಬೇರೆ ತೆಗೆದೆ.

ನನ್ನ ಹಿಂದೆ ಬರುತ್ತಿದ್ದವರೂ ಬೂಟಿನವರೇ. ಮುಂದಿನವನು ತುಳಿದಲ್ಲಿ ಹುಲ್ಲು ಮಲಗಿತ್ತಲ್ಲ, ಅದೇ ದಾರಿಯೆಂದು ಅವರೂ ಬಂದರು. ಆಮೇಲೆ ಅಲ್ಲಿ ಏನಾಯಿತೆಂದು ನಾನು ತಿರುಗಿ ನೋಡಲಿಲ್ಲ. ಮೇಲೆ 1,343 ಮೀಟರ್ ಎತ್ತರದ ಶಿಖರ ಕಾಯುತ್ತಿತ್ತು, ಸರ್ವಜ್ಞ ಪೀಠದ ಮುಂದೆ ಇನ್ನೊಂದು ಫೋಟೊ ಬಾಕಿಯಿತ್ತು.

ಇದಾಗಿ ಎರಡು ವರ್ಷಕ್ಕೆ ನಮ್ಮ ಚಾರಣದ ಗುಂಪಿನಲ್ಲಿ ಒಂದು ವಾಟ್ಸಾಪ್ ಸಂದೇಶ ಬಂತು. ಗಾಂಧಿ ಜಯಂತಿ ಸೋಮವಾರ ಬಿದ್ದಿದೆ, ಮೂರು ದಿನ ರಜೆ, ಅದೇ ಕಾಲುದಾರಿ ಹಾಳಾಗಿ ಹೋಗಿದೆ, ಹೋಗಿ ಸರಿ ಮಾಡಿ ಬರೋಣ, ಊಟ ವಸತಿ ಊರಿನವರದು. ಸಂದೇಶದ ಕೊನೆಯಲ್ಲಿ 'ಶ್ರಮದಾನ' ಎಂಬ ಪದವಿತ್ತು. ಆ ಪದ ಕೇಳಿದರೆ ನನಗೆ ನೆನಪಾಗುವುದು ನಮ್ಮ ಪ್ರಾಥಮಿಕ ಶಾಲೆಯ ಅಂಗಳದ ತುಂಬೆ ಗಿಡ. ಪ್ರತಿ ಅಕ್ಟೋಬರ್ 2ಕ್ಕೆ ಅದನ್ನು ಕೀಳಿಸುತ್ತಿದ್ದರು. ಕೊನೆಗೆ ಒಂದು ಚೂರು ಬೆಲ್ಲ, ಒಂದು ಹಿಡಿ ಕಡಲೆ. ಮುಂದಿನ ಅಕ್ಟೋಬರ್ 2ಕ್ಕೆ ತುಂಬೆ ಗಿಡ ಮತ್ತೆ ನಮಗಾಗಿ ಬೆಳೆದು ನಿಂತಿರುತ್ತಿತ್ತು. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದದ್ದೂ ಇದೇ ತಾರೀಕಿನಂದು ಎಂದು ಬಹಳ ಆಮೇಲೆ ಓದಿ ತಿಳಿದೆ. ಆ ಕಾಲದಲ್ಲಿ ಊರೂರಿಗೆ ಶ್ರಮದಾನದ ಗಾಳಿ ಬೀಸಿತ್ತಂತೆ. ನಮ್ಮ ಅಜ್ಜ ಕೂಡ ಒಂದು ರಸ್ತೆಗೆ ಮಣ್ಣು ಹೊತ್ತವರು. ಆ ರಸ್ತೆ ಎಲ್ಲಿದೆಯೆಂದು ಕೇಳಿದರೆ ಮಾತ್ರ ಕೈಯನ್ನು ಒಂದು ದಿಕ್ಕಿಗೆ ಬೀಸಿ ಸುಮ್ಮನಾಗುತ್ತಿದ್ದರು.

ಹೊರಟವರು ಹದಿನಾಲ್ಕು ಜನ. ಹತ್ತು ಮಂದಿ ಕಂಪ್ಯೂಟರಿನ ಮಕ್ಕಳು, ಬ್ಯಾಂಕಿನ ಇಬ್ಬರು ಹೆಣ್ಣುಮಕ್ಕಳು, ನಾನು, ಮತ್ತೆ ನಿವೃತ್ತ ಓವರ್ಸಿಯರ್ ಸಾಹೇಬರು. ಸಾಹೇಬರು ಮಂಡ್ಯದ ಕಡೆಯವರು. ಮೂವತ್ತಮೂರು ವರ್ಷ ರಸ್ತೆ ಮಾಡಿಸಿದವರು. ಅವರು ಮಾಡಿಸಿದ ರಸ್ತೆಗಳಲ್ಲಿ ಎಷ್ಟು ಉಳಿದಿವೆ ಎಂಬ ಪ್ರಶ್ನೆಯನ್ನು ಬಸ್ಸಿನಲ್ಲೇ ಒಬ್ಬ ಹುಡುಗ ಕೇಳಿಬಿಟ್ಟ. "ಮಗಾ, ರಸ್ತೆ ಮಾಡೋದು ನೀರು, ಕೆಡಿಸೋದೂ ನೀರು. ನಮ್ದೇನಿದ್ರೂ ಅಳತೆ ಪುಸ್ತಕ ಬರೆಯೋದು, ಬಿಲ್ ಮಾಡೋದು" ಎಂದು ಮುಸುಕು ಹೊದ್ದು ಮಲಗಿದರು. ನಮಗೆಲ್ಲ ಟೀ ಶರ್ಟು ಹಂಚಲಾಗಿತ್ತು. ಬೆನ್ನಿನ ಮೇಲೆ 'ಕೈ ಕೆಸರಾದರೆ ಬಾಯಿ ಮೊಸರು' ಎಂದು ದೊಡ್ಡ ಅಕ್ಷರ. ಇಂಥ ಕೆಲಸಗಳಲ್ಲಿ ಮೊದಲು ತಯಾರಾಗುವುದು ಯಾವಾಗಲೂ ಟೀ ಶರ್ಟೇ.

ಶಿವಮೊಗ್ಗ ದಾಟಿ, ಹೊಸನಗರ ದಾಟಿ, ನಗರ, ಸಂಪೆಕಟ್ಟೆ, ನಿಟ್ಟೂರು ಎನ್ನುವಷ್ಟರಲ್ಲಿ ಬೆಳಗಾಯಿತು. ಹಸ್ತ ಮಳೆ ಹಿಡಿದುಕೊಂಡಿತ್ತು. ಈ ಸೀಮೆಯ ಮಳೆಯ ಲೆಕ್ಕ ಬೆಂಗಳೂರಿನವರಿಗೆ ಹೇಳಿದರೆ ನಂಬುವುದಿಲ್ಲ. ಬೆಂಗಳೂರಿನಲ್ಲಿ ಇಡೀ ವರ್ಷ ಬೀಳುವುದು ಸುಮಾರು ಸಾವಿರ ಮಿಲಿಮೀಟರ್. ದಕ್ಷಿಣಕ್ಕೆ ಅಷ್ಟೇನೂ ದೂರವಿಲ್ಲದ ಆಗುಂಬೆಯ ಸರಾಸರಿ ಏಳು ಸಾವಿರಕ್ಕೂ ಮೇಲೆ. ಅಷ್ಟು ನೀರು ಬೀಳುವ ನಾಡಿನಲ್ಲಿ ಕೆಸರಿಗೆ ಒಂದೇ ಹೆಸರಿದ್ದರೆ ಸಾಲುತ್ತದೆಯೇ? ಬಟ್ಟೆಗೆ ಹಾರುವುದು ರಾಡಿ. ಮನೆಯ ಹಿಂದೆ ನಿಂತು ನಾರುವುದು ಕೊಚ್ಚೆ. ಗದ್ದೆಯಲ್ಲಿ ನಾಟಿಗೆ ಹದ ಮಾಡಿದ್ದು ಮಾತ್ರ ಮರ್ಯಾದಸ್ತ ಕೆಸರು. ಕಾಲಿಟ್ಟರೆ ಮೊಣಕಾಲವರೆಗೆ ಎಳೆದುಕೊಂಡು ಚಪ್ಪಲಿಯನ್ನು ತಾನೇ ಇಟ್ಟುಕೊಳ್ಳುವುದು ಹುದುಲು. ಮೇಲಿಂದ ಒಣಗಿದಂತೆ ಕಂಡು, ನಂಬಿ ಕಾಲಿಟ್ಟವರನ್ನು ಬೀಳಿಸುವ ಒಂದು ಜಾತಿ ಇದೆ. ಅದಕ್ಕೆ ಹೆಸರಿಲ್ಲ, ಬಿದ್ದವರು ಆ ಹೊತ್ತಿಗೆ ಬಾಯಿಗೆ ಬಂದದ್ದನ್ನು ಕರೆಯುತ್ತಾರೆ.

ನಮ್ಮ ಪಾಲಿಗೆ ಬಂದ ದಾರಿ ಊರ ಕೊನೆಯ ಮನೆಯ ಅಂಗಳದಿಂದ ಹೊರಟು, ಅಡಿಕೆ ತೋಟದ ಅಂಚು ಹಿಡಿದು, ಸೊಪ್ಪಿನಬೆಟ್ಟದೊಳಗೆ ಏರಿ, ಅರಣ್ಯ ಇಲಾಖೆಯ ಗಡಿಗೆ ಮುಟ್ಟುವಷ್ಟು, ಸುಮಾರು ಒಂದು ಕಿಲೋಮೀಟರ್. ಅದರಾಚೆ ಅಭಯಾರಣ್ಯ; ಅಲ್ಲಿ ಇಲಾಖೆ ಹೇಳದೆ ಒಂದು ಕಲ್ಲು ಕದಲಿಸುವಂತಿಲ್ಲ, ಕದಲಿಸಲೂಬಾರದು. ನಾವು ಇದನ್ನು ಟ್ರೆಕ್ಕಿಂಗ್ ಟ್ರೇಲ್ ಎಂದು ಕರೆಯುತ್ತಿದ್ದೆವು. ಊರಿನವರಿಗೆ ಅದು ಬರೀ ಹಾದಿ. ಮೇಲಿನ ಎರಡು ಮನೆಯ ಮಕ್ಕಳು ಶಾಲೆಗೆ ಇಳಿಯುವುದು, ಸೊಪ್ಪಿನ ಹೊರೆ ಬರುವುದು, ಮೇಯಲು ಹೋದ ದನ ಸಂಜೆ ತಾವಾಗಿ ವಾಪಸಾಗುವುದು ಅದರಲ್ಲೇ. ಹಿಂದೆ ಮಳೆ ಹಿಡಿಯುವ ಮುಂಚೆ ಒಂದು ದಿನ, ಬಿಟ್ಟ ಮೇಲೆ ಒಂದು ದಿನ, ಮನೆಗೊಂದು ಆಳು ಬಂದು ಹಾದಿ ಸವರಿ ಹೋಗುತ್ತಿದ್ದರಂತೆ. ಈಗ ಮನೆಗೊಂದು ಆಳು ಎಂದರೆ ಅರವತ್ತು ದಾಟಿದ ಆಳು. ಮಕ್ಕಳು ಬೆಂಗಳೂರಿನಲ್ಲಿ. ಅಂಥ ಮಕ್ಕಳಲ್ಲಿ ಒಬ್ಬ ನಾನೇ, ಸಾಗರದ ಕಡೆಯವನು. ನಮ್ಮೂರ ಹಾದಿ ಹೇಗಿದೆಯೋ ನೋಡದೆ ಐದು ವರ್ಷವಾಗಿತ್ತು.

ಕೊನೆಯ ಮನೆಯ ಯಜಮಾನರು ಕಂಬಳಿಕೊಪ್ಪೆ ಹಾಕಿಕೊಂಡು ನಮ್ಮನ್ನು ಕೆಸರಿನ ಹತ್ತಿರ ಕರೆದುಕೊಂಡು ಹೋದರು. ನೋಡಿದರೆ, ನನ್ನ ಬೂಟಿನ ಜಾಗ. ಗುರುತಿಗೆ ಆ ವಾಟೆ ಮರ ಇರದಿದ್ದರೆ ನಾನು ಒಪ್ಪುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಒಬ್ಬರ ಹಿಂದೊಬ್ಬರು ನಡೆಯುವಷ್ಟಿದ್ದ ಹಾದಿಯಲ್ಲಿ ಈಗ ಎರಡು ಎತ್ತಿನಗಾಡಿ ಎದುರುಬದುರಾಗಬಹುದು. ನಡುವೆ ಮೂಲ ಹಾದಿ, ಅದು ಕೆಸರಾದದ್ದಕ್ಕೆ ಎಡಕ್ಕೊಂದು, ಎಡದ್ದೂ ಕೆಸರಾದದ್ದಕ್ಕೆ ಅದರಾಚೆಗೊಂದು, ಅಷ್ಟು ದೂರ ಹೋಗಲಾರದವರಿಗೆ ಬಲಕ್ಕೊಂದು. ಬಿಚ್ಚಿದ ಜಡೆಯ ಹಾಗೆ ನಾಲ್ಕು ಎಳೆಯಾಗಿ ಹರಡಿ, ಇಪ್ಪತ್ತು ಮಾರು ಮೇಲೆ ಮತ್ತೆ ಒಂದಾಗಿತ್ತು.

"ಶನಿವಾರ ಭಾನುವಾರ ಬರ್ತಾರೆ ಮಾರಾಯ್ರೆ. ಕಾಲಿಗೆ ಎಂತೆಂಥದೋ ಬೂಟು ಹಾಕಿರ್ತಾರೆ, ಕೆಸರು ಕಂಡ್ರೆ ಬೆಕ್ಕಿನ ಹಾಗೆ ಸರೀತಾರೆ" ಎಂದರು ಯಜಮಾನರು. ನಾನು ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳತೊಡಗಿದೆ. ದಾರ ಸರಿಯಾಗಿಯೇ ಇತ್ತು.

ಕೆಲಸ ಶುರುವಾದದ್ದು ಉತ್ಸಾಹದಿಂದ, ಉತ್ಸಾಹದಲ್ಲಿ ಮಾಡುವ ಮೊದಲ ಕೆಲಸ ತಪ್ಪೇ ಆಗಿರುತ್ತದೆ. ಕೆಸರಿದೆಯೆ? ಕಲ್ಲು ಹಾಕು. ಹಳ್ಳದಿಂದ ಮೇಲಕ್ಕೆ ಸಾಲುಗಟ್ಟಿ ನಿಂತು ಕೈಯಿಂದ ಕೈಗೆ ಕಲ್ಲು ದಾಟಿಸಿದೆವು. ಬಾಂಡ್ಲಿ ಬಾಂಡ್ಲಿ ಜಲ್ಲಿ ಸುರಿದೆವು. ಒಬ್ಬ ವಿಡಿಯೊ ಮಾಡಿದ. ಹತ್ತೂವರೆ ಹೊತ್ತಿಗೆ ಕೆಸರು ನಮ್ಮ ಕಲ್ಲನ್ನೆಲ್ಲ ನುಂಗಿ, ಮೊದಲಿಗಿಂತ ಒಂದು ಗೇಣು ಮೇಲೆ ಬಂದು, ಇನ್ನೂ ಇದ್ದರೆ ತನ್ನಿ ಎನ್ನುವಂತೆ ಗುಳುಗುಳು ಸದ್ದು ಮಾಡುತ್ತಿತ್ತು. ಕೊಚ್ಚೆಗೆ ಕಲ್ಲೆಸೆದರೆ ಏನಾಗುತ್ತದೆಂದು ಗಾದೆಯಲ್ಲಿ ಕೇಳಿದ್ದೆವು. ಟೀ ಶರ್ಟಿನ ಮೇಲೆ ಅದನ್ನು ಅಚ್ಚು ಹಾಕಿಸಬೇಕಿತ್ತು.

ಅಷ್ಟು ಹೊತ್ತು ಓವರ್ಸಿಯರ್ ಸಾಹೇಬರು ನಮ್ಮ ಹತ್ತಿರ ಇರಲೇ ಇಲ್ಲ. ಕೊಡೆ ಹಿಡಿದು ಮೇಲೆ ಎಲ್ಲೋ ಹೋಗಿದ್ದರು. ಸೋಮಾರಿತನವೆಂದು ನಾವು ಮಾತಾಡಿಕೊಂಡಿದ್ದೆವು. ಇಳಿದು ಬಂದವರು, "ರೋಗ ಇಲ್ಲಿಲ್ಲ ಕಣ್ರಪ್ಪ, ಮೇಲೈತೆ" ಎಂದರು. ನಡೆದೂ ನಡೆದೂ ಹಾದಿ ಗುಂಡಿಬಿದ್ದು ಅಕ್ಕಪಕ್ಕದ ನೆಲಕ್ಕಿಂತ ತಗ್ಗಾಗಿದೆ. ಗುಡ್ಡದ ನೀರೆಲ್ಲ ಅದನ್ನೇ ಕಾಲುವೆ ಮಾಡಿಕೊಂಡು ನೂರು ಮೀಟರ್ ಓಡಿ ಬರುತ್ತಿದೆ. ಇಲ್ಲಿ ಮಟ್ಟಸ ಜಾಗ ಸಿಕ್ಕಿದ್ದಕ್ಕೆ ನಿಲ್ಲುತ್ತಿದೆ. ಇಳಿಜಾರಿನಲ್ಲಿ ನೀರು ಓಡಿದಷ್ಟೂ ಜೋರು. ವೇಗ ಎರಡರಷ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಎರಡರಷ್ಟಲ್ಲ, ಅರವತ್ತನಾಲ್ಕರಷ್ಟು ಎಂದು ಸಾಹೇಬರು ಬೆರಳು ಮಡಚಿ ಲೆಕ್ಕ ತೋರಿಸಿದರು. ಎರಡನ್ನು ಆರು ಸಲ ಗುಣಿಸಿ ನೋಡಿ, ಸರಿಯಾಗಿದೆ. ಆದ್ದರಿಂದ ಓಡಲು ಬಿಡದೆ, ಸೊಕ್ಕು ಬರುವ ಮುಂಚೆಯೇ, ಹತ್ತು ಮಾರಿಗೊಂದು ಕಡೆ ಅದನ್ನು ಹಾದಿಯಿಂದ ಹೊರಗೆ ಕಳಿಸಬೇಕು.

"ಹೌದಲ್ಲ ಮತ್ತೆ! ತೋಟದಲ್ಲಿ ಮಾಡೋದೂ ಅದೇ" ಎಂದು ಯಜಮಾನರ ಕಣ್ಣರಳಿತು. ಅಡಿಕೆ ತೋಟದ ಜೀವ ಇರುವುದು ಕಪ್ಪಿನಲ್ಲಿ, ಅಂದರೆ ಬಸಿಗಾಲುವೆಯಲ್ಲಿ. ಬುಡದಲ್ಲಿ ನೀರು ನಿಂತರೆ ಮರ ಸೊರಗುತ್ತದೆ, ರಭಸದಿಂದ ಹರಿದರೆ ಮಣ್ಣು ಹೋಗುತ್ತದೆ, ನಿಲ್ಲಲೂಬಾರದು, ಓಡಲೂಬಾರದು. ಮಲೆನಾಡಿನವರು ತಲೆಮಾರುಗಳಿಂದ ಈ ಲೆಕ್ಕದಲ್ಲೇ ಬದುಕಿದವರು. ತೋಟದಲ್ಲಿ ಗೊತ್ತಿದ್ದದ್ದು ಹಾದಿಗೆ ಯಾಕೆ ಹೊಳೆಯಲಿಲ್ಲ ಎಂದು ಕೇಳಿದೆ. "ಹಾದಿ ಯಾರಪ್ಪಂದು?" ಎಂದರು. ಅದಕ್ಕೆ ನಮ್ಮ ಯಾರಲ್ಲೂ ಉತ್ತರವಿರಲಿಲ್ಲ.

ಹಾಗೆಂದು ಇಬ್ಬರೂ ಒಂದಾದರು ಎಂದುಕೊಳ್ಳಬೇಡಿ. ನೀರು ತಿರುಗಿಸಲು ಹೂಳುವ ಅಡ್ಡಗಲ್ಲು ಹಾದಿಗೆ ನೇರ ಅಡ್ಡಲಾಗಿರಬೇಕೆಂದು ಯಜಮಾನರು, ಓರೆಯಾಗಿರಬೇಕೆಂದು ಸಾಹೇಬರು. ನೇರ ಹಾಕಿದರೆ ಹಿಂದೆ ಹೂಳು ತುಂಬಿ ನೀರು ಮೇಲಿಂದ ಹಾರುತ್ತದೆ ಎನ್ನುವುದು ಇವರ ವಾದ. ಓರೆ ಹಾಕಿದರೆ ದನ ಜಾರುತ್ತದೆ ಎನ್ನುವುದು ಅವರದು. ಅರ್ಧ ಗಂಟೆ ವಾಗ್ವಾದ. ಕೊನೆಗೆ ಬ್ಯಾಂಕಿನ ಹುಡುಗಿ ಹಳ್ಳದಿಂದ ಎರಡು ಕೊಡಪಾನ ನೀರು ತಂದಳು. ಒಂದನ್ನು ಇವರು ಹೇಳಿದ ಹಾಗೆ ಇಟ್ಟ ಕಲ್ಲಿನ ಮೇಲ್ಗಡೆ, ಇನ್ನೊಂದನ್ನು ಅವರು ಹೇಳಿದ ಹಾಗೆ ಇಟ್ಟ ಕಲ್ಲಿನ ಮೇಲ್ಗಡೆ ಸುರಿದಳು. ಓರೆ ಗೆದ್ದಿತು, ನಲವತ್ತೈದು ಡಿಗ್ರಿಯ ಆಸುಪಾಸು. ಯಜಮಾನರು ಸೋಲೊಪ್ಪಿಕೊಳ್ಳದೆ, "ದನ ಜಾರಿದ್ರೆ ಹಾಲು ನೀವು ಕೊಡ್ಬೇಕು" ಎಂದರು.

ಒಂದು ಕಲ್ಲು ಕೂರಿಸುವುದು ಅಷ್ಟು ಹೊತ್ತಿನ ಕೆಲಸವೆಂದು ನನಗೆ ಗೊತ್ತಿರಲಿಲ್ಲ. ನೆಲದ ಮೇಲೆ ಎಷ್ಟು ಕಾಣುತ್ತದೋ ಅದರ ಎರಡರಷ್ಟು ನೆಲದೊಳಗೆ ಇರಬೇಕು. ಆದ್ದರಿಂದ ಮೊದಲು ಕಲ್ಲನ್ನು ಹುಡುಕಬೇಕು. ದುಂಡಗಿನದು ಬೇಡ, ಒಂದು ಮಗ್ಗುಲಾದರೂ ಚಪ್ಪಟೆಯಿರಬೇಕು. ಹಾರೆಯಿಂದ ಮೀಟಿ, ಹೊರಳಿಸಿ, ಅದರ ಹೊಟ್ಟೆ ಹೇಗಿದೆ ನೋಡಿ, ಹೊಟ್ಟೆಯ ಆಕಾರಕ್ಕೇ ಗುಂಡಿ ತೋಡಬೇಕು. ಮೇಲಿನ ಒಂದು ಗೇಣು ಕಪ್ಪು ಮಣ್ಣು ಗುದ್ದಲಿಗೆ ಬೆಣ್ಣೆಯಂತೆ ಬಂತು. ಅದರಡಿಯಲ್ಲಿ ಕೆಂಪು ಜಂಬಿಟ್ಟಿಗೆ. ಎರಡು ಶತಮಾನದ ಹಿಂದೆ ಈ ಕಡೆಯೆಲ್ಲ ಓಡಾಡಿದ ಫ್ರಾನ್ಸಿಸ್ ಬುಕಾನನ್ ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ; ನಮ್ಮವರು ಯಾರನ್ನೂ ಕೇಳದೆ ಜಂಬಿಟ್ಟಿಗೆ ಎಂದೇ ಕರೆಯುತ್ತಿದ್ದರು. ನೆಲದೊಳಗೆ ಇರುವಾಗ ಕತ್ತರಿಸುವಷ್ಟು ಮೆತ್ತಗೆ, ಗಾಳಿಗೆ ಬಂದು ಒಣಗಿತೋ ಗೋಡೆ ಕಟ್ಟುವಷ್ಟು ಗಟ್ಟಿ. ಪಿಕಾಸಿ ಬಿದ್ದಾಗ ಅದರಿಂದ ಮೊದಲ ಮಳೆಯ ವಾಸನೆ ಬಂತು. ಗುಂಡಿಗೆ ಕಲ್ಲು ಇಳಿಸಿದೆವು, ಅಲುಗಿತು. ಎತ್ತಿದೆವು. ಒಂದು ಹಿಡಿ ಮಣ್ಣು ಕೆರೆದೆವು. ಮತ್ತೆ ಇಳಿಸಿದೆವು, ಇನ್ನೊಂದು ಕಡೆಗೆ ಅಲುಗಿತು. ಐದನೇ ಸಲಕ್ಕೆ, ಹಲ್ಲು ವಸಡಿನಲ್ಲಿ ಕೂತ ಹಾಗೆ, ಒಂದು ಸಣ್ಣ ಸದ್ದು ಮಾಡಿ ಕೂತಿತು. ಸಾಹೇಬರು ಅದರ ಮೇಲೆ ಹತ್ತಿ, ಎಪ್ಪತ್ತರ ಮೈಯನ್ನು ಮರೆತು ಎರಡು ಸಲ ಕುಣಿದು ನೋಡಿದರು. "ಪಾಸ್" ಎಂದರು. ನನ್ನ ಆಫೀಸಿನ ಇಪ್ಪತ್ತೆರಡು ವರ್ಷದಲ್ಲಿ ಯಾರೂ ನನ್ನ ಕೆಲಸದ ಮೇಲೆ ಹತ್ತಿ ಕುಣಿದು ಪರೀಕ್ಷೆ ಮಾಡಿರಲಿಲ್ಲ. ಮಾಡಿದ್ದರೆ ಏನಾಗುತ್ತಿತ್ತೋ.

ಕಲ್ಲಿನ ಸಾಲು ಕೂತರೆ ಮುಗಿಯಲಿಲ್ಲ; ತಗ್ಗಿನ ಕಡೆ ಅದಕ್ಕೊಂದು ಬಾಲ ತೋಡಬೇಕು, ನೀರು ಹೊರಗೆ ಹೋಗಿ ಪೊದೆಗೆ ಇಳಿಯುವವರೆಗೆ. ಬಾಲ ಮುಚ್ಚಿದರೆ ಇಡೀ ಸಾಲು ದಂಡ. ಮತ್ತೆ ಹಾದಿಯ ಮೈಯನ್ನೇ ತಗ್ಗಿನ ಕಡೆಗೆ ವಾಲಿಸಬೇಕು, ಮೀಟರಿಗೆ ಐದು ಸೆಂಟಿಮೀಟರಿನಷ್ಟು. ನಡೆಯುವವರ ಕಾಲಿಗೆ ಅದು ಗೊತ್ತೇ ಆಗದು, ನೀರಿಗೆ ಮಾತ್ರ ಗೊತ್ತಾಗುತ್ತದೆ. ಒರತೆ ಉಕ್ಕುವ ಒಂದು ಜಾಗದಲ್ಲಿ ಈ ಯಾವ ಉಪಾಯವೂ ನಡೆಯಲಿಲ್ಲ; ಅಲ್ಲಿ ಎರಡು ಕಡೆ ದೊಡ್ಡ ಕಲ್ಲಿನ ಅಂಚು ಕಟ್ಟಿ, ನಡುವೆ ಜಲ್ಲಿ ತುಂಬಿ ಹಾದಿಯನ್ನೇ ಎತ್ತರಿಸಿದೆವು. ಬೆಳಿಗ್ಗೆ ಕೆಸರು ನುಂಗಿದ್ದ ಕಲ್ಲುಗಳನ್ನೇ ಕೈ ಹಾಕಿ ಒಂದೊಂದಾಗಿ ಹೊರಗೆಳೆದು ಇದಕ್ಕೆ ಬಳಸಿದೆವು. ಆ ಭಾಗವನ್ನು ಯಾರೂ ವಿಡಿಯೊ ಮಾಡಲಿಲ್ಲ.

ಉಂಬಳದ, ಅಂದರೆ ಜಿಗಣೆಯ ಬಗ್ಗೆ ಬರೆಯದಿದ್ದರೆ ಮಲೆನಾಡಿನ ಓದುಗರು ನಾನು ಹೋಗಿದ್ದನ್ನೇ ನಂಬುವುದಿಲ್ಲ. ಇದ್ದವು. ಮೊದಲ ದಿನ ಪ್ರತಿಯೊಂದಕ್ಕೂ ಒಂದು ಕಿರುಚಾಟ, ಉಪ್ಪಿನ ಪೊಟ್ಟಣ, ಹೊಗೆಸೊಪ್ಪಿನ ನೀರು. ಎರಡನೆಯ ದಿನ ಹುಡುಗರು ಮಾತಾಡುತ್ತಲೇ ಕಿತ್ತು ಎಸೆಯುತ್ತಿದ್ದರು. ಅದಕ್ಕಿಂತ ಊಟದ ಸುದ್ದಿ ಮುಖ್ಯ. ಮಧ್ಯಾಹ್ನ ಯಜಮಾನರ ಮನೆಯಾಕೆ ಕುಚ್ಚಲಕ್ಕಿ ಅನ್ನ, ಒಂದೆಲಗದ ತಂಬುಳಿ, ಬಸಳೆ ಹುಳಿ, ಅಪ್ಪೆಮಿಡಿ ಉಪ್ಪಿನಕಾಯಿ ಬಡಿಸಿದರು. ಮೊಸರೂ ಇತ್ತು. ಟೀ ಶರ್ಟಿನ ಗಾದೆ ನಿಜವಾಯಿತಲ್ಲ ಎಂದು ತಿರುಗಿ ನೋಡಿದರೆ ಅಕ್ಷರ ಒಂದೂ ಕಾಣುತ್ತಿರಲಿಲ್ಲ, ಬೆನ್ನೆಲ್ಲ ಕೆಸರು.

ಬಡಿಸುತ್ತ ಬಡಿಸುತ್ತ ಆಕೆ ಒಂದು ಮಾತು ಕೇಳಿದರು. "ಅಲ್ಲ ಮಾರಾಯ್ರೆ, ಬೇಜಾರು ಮಾಡ್ಕೋಬೇಡಿ. ನೀವು ಬಂದು ಹೋಗೋ ಬಸ್ಸಿನ ಚಾರ್ಜೇ ಎಷ್ಟಾಯ್ತು?" ತಲೆಗೆ ಎರಡು ಸಾವಿರ. ಹದಿನಾಲ್ಕು ಜನಕ್ಕೆ ಇಪ್ಪತ್ತೆಂಟು ಸಾವಿರ. "ಆ ದುಡ್ಡು ಕಳಿಸಿದ್ರೆ ಇಲ್ಲಿ ನಾಲ್ಕು ಆಳು ಹತ್ತು ದಿನ ಕೆಲಸ ಮಾಡ್ತಿದ್ರಲ್ಲ. ನಿಮಗೆ ಕೈ ಬೊಬ್ಬೆ ಏಳ್ತಿರಲಿಲ್ಲ, ನನಗೆ ಈ ಮಳೆಯಲ್ಲಿ ಹದಿನಾಲ್ಕು ತಟ್ಟೆ ತೊಳೆಯೋದು ತಪ್ತಿತ್ತು." ಪಂಕ್ತಿಯಲ್ಲಿ ಯಾರೂ ತಲೆಯೆತ್ತಲಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ಈಗಲೂ ಸರಿಯಾಗಿದೆ. ಶ್ರಮದಾನದ ವರದಿಗಳಲ್ಲಿ ಈ ಲೆಕ್ಕ ಬರುವುದಿಲ್ಲ, ಅಷ್ಟೇ. ಆ ಮಧ್ಯಾಹ್ನದಿಂದ ನಮ್ಮ ತಟ್ಟೆ ನಾವೇ ತೊಳೆದೆವು.

ಎರಡನೆಯ ದಿನ ಮೂರು ಗಂಟೆಗೆ ಕೊಡಚಾದ್ರಿ ಕಾಣಿಸದಾಯಿತು. ಕಾಡಿನ ಮೇಲುಗಡೆಯಿಂದ ಸದ್ದು ಮೊದಲು ಬಂತು, ಆಮೇಲೆ ಮಳೆ. ಎಲ್ಲರೂ ಟಾರ್ಪಾಲಿನ ಕೆಳಗೆ ಓಡಿದೆವು. ಓವರ್ಸಿಯರ್ ಸಾಹೇಬರು ಮಾತ್ರ ಕೊಡೆ ಬಿಚ್ಚಿಕೊಂಡು ಹಾದಿಗೆ ನಡೆದರು, ಹಿಂದೆಯೇ ಕಂಬಳಿಕೊಪ್ಪೆಯ ಯಜಮಾನರು. ಇಬ್ಬರು ಮುದುಕರು ಮಳೆಯಲ್ಲಿ ಏನು ನೋಡುತ್ತಿದ್ದಾರೆಂದು ನಾನೂ ಹೋದೆ. ಐದು ನಿಮಿಷ ಏನೂ ಇಲ್ಲ. ಆಮೇಲೆ ಮೇಲಿನ ತಿರುವಿನಲ್ಲಿ ಕೆಂಪು ನೀರಿನ ಒಂದು ಎಳೆ ಕಾಣಿಸಿತು, ಮುಂದೆ ಒಂದು ಒಣಗಿದ ಹಲಸಿನ ಎಲೆಯನ್ನು ತಳ್ಳಿಕೊಂಡು. ಹಾದಿಯ ನಡುವೆಯೇ, ಅಭ್ಯಾಸಬಲದಿಂದ, ಸೀದಾ ಇಳಿಯಿತು. ಮೊದಲ ಅಡ್ಡಗಲ್ಲಿಗೆ ಬಂದು ಎಲೆ ತಗುಲಿ ನಿಂತಿತು. ಹಿಂದಿನ ನೀರು ಬಂದು ಸೇರಿ ಅಂಗೈಯಗಲದ ಕೊಳವಾಯಿತು. ಕೊಳ ಉಬ್ಬಿತು. ಸಾಹೇಬರು ಉಸಿರು ಬಿಡುತ್ತಿರಲಿಲ್ಲ. ಎಲೆ ಮೆಲ್ಲಗೆ ತಿರುಗಿ, ಕಲ್ಲಿನ ಓರೆ ಹಿಡಿದು, ಬಾಲದ ಕಡೆ ಜಾರಿ, ಸರ್ರನೆ ಪೊದೆಯೊಳಗೆ ಮಾಯವಾಯಿತು.

"ಹೋಯ್ತು ನೋಡಿ!" ಎಂದರು ಯಜಮಾನರು, ತಮ್ಮ ವಾದ ಗೆದ್ದ ಹಾಗೆ.

ಎರಡನೆಯದೂ ತಿರುಗಿಸಿತು. ಮೂರನೆಯದರಲ್ಲಿ ನೀರು ಒಂದು ಗಳಿಗೆ ಯೋಚಿಸಿ, ಮೇಲಿಂದಲೇ ಹಾರಿ ಹಾದಿಗೆ ಇಳಿಯಿತು. ಅದು ನಾನು ಕೂರಿಸಿದ ಸಾಲು. ಕಲ್ಲು ಗಟ್ಟಿಯಾಗಿಯೇ ಇತ್ತು, ಕುಣಿದು ಪಾಸಾಗಿದ್ದೇ ತಾನೆ. ಬಾಲವನ್ನು ಗಡಿಬಿಡಿಯಲ್ಲಿ ಮೊಳದುದ್ದ ಮಾತ್ರ ತೋಡಿದ್ದೆ. ಇಬ್ಬರೂ ನನ್ನ ಮುಖ ನೋಡಿದರು. ಮಳೆಯಲ್ಲೇ ಗುದ್ದಲಿ ತಂದು ತೋಡಿದೆ. ಪೂರ್ವಕ್ಕೆ ಹೋದ ನೀರು ಶರಾವತಿಗೆ ಸೇರಿ ಲಿಂಗನಮಕ್ಕಿಯಲ್ಲಿ ನಿಂತು ಕರೆಂಟಾಗುತ್ತದೆ, ಇದೇ ಬೆಟ್ಟದ ಪಶ್ಚಿಮದ ಮೈಗೆ ಬಿದ್ದದ್ದು ಸೌಪರ್ಣಿಕೆಯಾಗಿ ಕೊಲ್ಲೂರಿನ ಭಕ್ತರ ಕಾಲು ತೊಳೆಯುತ್ತದೆ. ನನ್ನ ಗುದ್ದಲಿ ಏಟಿಗೆ ಅಷ್ಟು ದೊಡ್ಡ ಅಧಿಕಾರವೇನೂ ಇರಲಿಲ್ಲ, ಆದರೂ ನೀರು ನನ್ನ ಮಾತು ಕೇಳಿ ಎಡಕ್ಕೆ ತಿರುಗಿದಾಗ ಸ್ವಲ್ಪ ಹೊತ್ತು ಹಾಗನ್ನಿಸಿದ್ದು ಸುಳ್ಳಲ್ಲ.

ಮೂರನೆಯ ದಿನದ ಕೆಲಸವೇ ನನಗೆ ಕಷ್ಟವಾದದ್ದು, ಮೈಗಲ್ಲ. ಬದಿಯಲ್ಲಿ ಹುಟ್ಟಿದ ಮೂರು ಹೊಸ ಹಾದಿಗಳನ್ನು ಮುಚ್ಚಬೇಕಿತ್ತು. ಮುಳ್ಳುಕಂಟಿ ಕಡಿದು ಅಡ್ಡ ಹಾಕಿದೆವು, ಬಿದ್ದ ಮರದ ತುಂಡು ಉರುಳಿಸಿದೆವು, ಗಟ್ಟಿಯಾಗಿ ಹೋದ ನೆಲವನ್ನು ಪಿಕಾಸಿಯಿಂದ ಸಡಿಲಿಸಿ ಬೇರೆಡೆಯ ಹುಲ್ಲಿನ ಹೆಂಟೆ ತಂದು ನೆಟ್ಟೆವು. ನೂರು ಜನ ಓಡಾಡಿದ ಹಾದಿಯಲ್ಲಿ ನೂರೊಂದನೆಯವನಿಂದ ಹೆಚ್ಚೇನೂ ಕೆಡುವುದಿಲ್ಲ. ಯಾರೂ ತುಳಿಯದ ಹುಲ್ಲಿನ ಮೇಲೆ ಇಡುವ ಮೊದಲ ಹತ್ತಿಪ್ಪತ್ತು ಹೆಜ್ಜೆಯೇ ಅದನ್ನು ಹೆಚ್ಚು ಹಾಳು ಮಾಡುವುದು. ಆ ಮೊದಲ ಹೆಜ್ಜೆಗಳಲ್ಲಿ ನನ್ನದೆಷ್ಟು? ಮೊಬೈಲಿನಲ್ಲಿ ಹಳೆಯ ಫೋಟೊ ಹುಡುಕಿ ನೋಡಿದೆ. ಬೂಟು ಫಳಫಳ ಹೊಳೆಯುತ್ತಿದೆ. ಅದರಡಿಯಲ್ಲಿ ಹಸಿರು ಹುಲ್ಲು, ಹಿನ್ನೆಲೆಯಲ್ಲಿ ವಾಟೆ ಮರ. ಸಾಕ್ಷಿಗೆ ಇನ್ನೇನು ಬೇಕು? ಯಾರಿಗೂ ತೋರಿಸಲಿಲ್ಲ. ಇಲ್ಲಿ ಬರೆಯುತ್ತಿರುವುದೇ ಮೊದಲು.

ಅಮೆರಿಕದಲ್ಲಿರುವ ನನ್ನ ತಂಗಿಯ ಮಗಳಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅವಳು ನಕ್ಕಳು. ಅವಳಿರುವುದು ವರ್ಮಾಂಟ್ ರಾಜ್ಯದಲ್ಲಿ. ಹಿಮ ಕರಗುವ ಕಾಲಕ್ಕೆ ಅಲ್ಲಿ ಕೆಸರಿನ ಋತು ಎಂದೇ ಹೆಸರು. ಮಾರ್ಚ್ ಕೊನೆಯಿಂದ ಮೇ ಕೊನೆಯವರೆಗೆ ಬೆಟ್ಟದ ಹಾದಿಗಳಿಗೆ ಬರಬೇಡಿ ಎಂದು ಬೇಡಿಕೊಳ್ಳುತ್ತಾರಂತೆ. 1910ರಲ್ಲಿ ಶುರುವಾದ ಗ್ರೀನ್ ಮೌಂಟನ್ ಕ್ಲಬ್ ಎಂಬ ಸಂಘದವರು ಆ ರಾಜ್ಯದ ಉದ್ದಕ್ಕೂ ನಾನ್ನೂರು ಚಿಲ್ಲರೆ ಕಿಲೋಮೀಟರಿನ ಹಾದಿ ಕಡಿದು ಇವತ್ತಿಗೂ ಸ್ವಯಂಸೇವಕರನ್ನು ಕಟ್ಟಿಕೊಂಡು ಅದನ್ನು ನೋಡಿಕೊಳ್ಳುತ್ತಾರೆ. ಅವರ ಸೂಚನೆ ಸರಳ: ಕೆಸರಿದ್ದರೆ ಅದರ ನಡುವೆಯೇ ನಡೆಯಿರಿ, ಬದಿಯ ಗಿಡಗಳನ್ನು ತುಳಿಯದೆ ದಾಟಲು ಆಗದಷ್ಟಿದ್ದರೆ ವಾಪಸು ಮನೆಗೆ ಹೋಗಿ. ಇದನ್ನು ನಮ್ಮಲ್ಲಿ ಬೋರ್ಡು ಹಾಕಿದರೆ ಮೊದಲ ಶನಿವಾರವೇ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಬದಿಯಿಂದ ಸುತ್ತು ಹೊಡೆಯುತ್ತೇವೆ. 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತದ ಹಾದಿಯಲ್ಲಿ ಜಾತ್ರೆಯಂತೆ ಜನ ಸೇರಿದ ದೃಶ್ಯ ಎಲ್ಲರ ಮೊಬೈಲಿಗೂ ಬಂದಿತ್ತಲ್ಲ. ಆಮೇಲೆ ಸರ್ಕಾರ ಚಾರಣಕ್ಕೆ ಆನ್‌ಲೈನ್ ಬುಕಿಂಗ್, ದಿನಕ್ಕಿಷ್ಟೇ ಜನ ಎಂದು ಮಿತಿ ತಂದಿತು. ಒಳ್ಳೆಯದೇ. ಆದರೆ ಎಣಿಸಿ ಒಳಗೆ ಬಿಟ್ಟ ಜನ ಕಾಲೆಲ್ಲಿಡುತ್ತಾರೆ ಎಂದು ಯಾವ ಆ್ಯಪ್ ನೋಡೀತು?

ಹೊರಡುವ ಸಂಜೆ ಸಾಹೇಬರು ಯಜಮಾನರ ಜಗಲಿಯಲ್ಲಿ ಕೂತು, ಒಂದು ಹಳೆಯ ನೋಟುಪುಸ್ತಕ ಕೇಳಿ ಪಡೆದು, ಮೂರು ದಿನದ ಕೆಲಸವನ್ನು ಅಳತೆ ಸಮೇತ ಬರೆದರು. ಅಡ್ಡಗಲ್ಲಿನ ಸಾಲು ಹನ್ನೊಂದು. ಎತ್ತರಿಸಿದ ಹಾದಿ ಒಂಬತ್ತು ಮೀಟರ್. ಅಡಿಕೆ ಮರದ ಕಾಲುಸಂಕ ಒಂದು, ಹೊಸದು. ಮುಚ್ಚಿದ ಅಡ್ಡಹಾದಿ ಮೂರು. ಬಿಲ್ಲಿನ ಮೊತ್ತ ಎಂಬ ಕಡೆ ಒಂದು ಗೆರೆ ಎಳೆದು, ಪುಸ್ತಕವನ್ನು ಯಜಮಾನರ ಕೈಯಲ್ಲಿಟ್ಟು, "ಮಳೆ ಶುರುವಾಗೋ ಮುಂಚೆ ಒಂದ್ಸಲ ಬಾಲ ಬಿಡಿಸ್ಬೇಕು ಗೌಡ್ರೆ, ಮರೀಬೇಡಿ" ಎಂದರು. ಗೌಡರು ಪುಸ್ತಕವನ್ನು ಅಡಿಕೆ ಲೆಕ್ಕದ ಪುಸ್ತಕಗಳ ಜೊತೆಗೆ ಇಟ್ಟರು.

ಮುಂದಿನ ವರ್ಷ ಮಳೆ ಬಿಡುವ ಹೊತ್ತಿಗೆ ಒಬ್ಬನೇ ಹೋಗಿ ನೋಡಿಕೊಂಡು ಬಂದೆ. ಹನ್ನೊಂದರಲ್ಲಿ ಎಂಟು ಕೆಲಸ ಮಾಡುತ್ತಿವೆ. ಎರಡರ ಬಾಲದಲ್ಲಿ ತರಗು ತುಂಬಿತ್ತು, ಕೈಯಲ್ಲೇ ಬಿಡಿಸಿದೆ. ಒಂದರಿಂದ ಯಾರೋ ಮೂರು ಕಲ್ಲು ಕಿತ್ತು ಒಲೆ ಹೂಡಿ ನೂಡಲ್ಸ್ ಬೇಯಿಸಿಕೊಂಡಿದ್ದಾರೆ; ಖಾಲಿ ಪೊಟ್ಟಣ ಅಲ್ಲೇ ಇತ್ತು. ದನ ಜಾರಿಲ್ಲ. ಮುಚ್ಚಿದ ಮೂರು ಹಾದಿಗಳಲ್ಲಿ ಎರಡಕ್ಕೆ ಹುಲ್ಲು ಬಂದಿದೆ, ಮೂರನೆಯದರ ಮುಳ್ಳನ್ನು ಸರಿಸಿ ಯಾರೋ ಓಡಾಡಿದ ಗುರುತಿದೆ, ಬೂಟಿನದೇ ಗುರುತು.

ವಾಟೆ ಮರದ ಹತ್ತಿರ ಈಗಲೂ ಮಳೆಗಾಲದಲ್ಲಿ ಪಾದ ಮುಳುಗುವಷ್ಟು ಕೆಸರು ಇರುತ್ತದೆ, ಏಳೆಂಟು ಹೆಜ್ಜೆಯಷ್ಟು. ನೀವು ಆ ಕಡೆ ಬಂದರೆ ದಯವಿಟ್ಟು ಬದಿಗೆ ಸರಿಯಬೇಡಿ, ನಟ್ಟನಡುವೆಯೇ ಕಾಲಿಡಿ. ತೊಳೆದುಕೊಳ್ಳಲು ಗೌಡರ ಅಂಗಳದ ತುದಿಯಲ್ಲಿ ನಲ್ಲಿಯಿದೆ. ಕೇಳಿದರೆ ಉಜ್ಜಲು ತೆಂಗಿನ ನಾರೂ ಕೊಡುತ್ತಾರೆ.